ಗಣಿಯಿಂದ ಕೆಟ್ಟ ಭೂಮಿಗೆ ಮರುಜೀವ: ಸೂಕ್ಷ್ಮಜೀವಿಗಳ ಪಾತ್ರ

ಆಳಂದ, ಅಫಜಲಪುರ ಹಾಗೂ ಜೇವರ್ಗಿ ಭಾಗದ ವಾಣಿಜ್ಯಕ್ಕೆ ಕಪ್ಪು ಮಣ್ಣೇ ಮೂಲ ಬಂಡವಾಳ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆಯ ಹಿರಿಮೆಗೂ ಈ ಮಣ್ಣೇ ಆಧಾರ. ಆದರೆ ಖಡಿ, ಗರಸು ಅಥವಾ ಇಟ್ಟಿಗೆ ಮಣ್ಣಿಗಾಗಿ ಅಗೆದ ಜಮೀನಿನಲ್ಲಿ ಗುಂಡಿ ಮುಚ್ಚಿದ ಮಾತ್ರಕ್ಕೆ ಬೆಳೆ ಚೇತರಿಸಿಕೊಳ್ಳುವುದಿಲ್ಲ. ಅಲ್ಲಿ ಮಣ್ಣಿದ್ದರೂ ಅದರೊಳಗಿನ ಜೀವ ನಶಿಸಿರುತ್ತದೆ.

ಫಲವತ್ತಾದ ಒಂದು ಗ್ರಾಂ ಮೇಲ್ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ತೊಗರಿಯ ಬೇರುಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಬೆಳೆಗೆ ಒದಗಿಸುತ್ತದೆ. ಮೈಕೊರೈಜಾ ಶಿಲೀಂಧ್ರವು ಬೇರಿಗೆ ಎಟುಕದ ರಂಜಕವನ್ನು ತಂದುಕೊಡುತ್ತದೆ. ಸುಣ್ಣದಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ರಂಜಕವು ಬಂಧಿತವಾಗುವುದರಿಂದ ಈ ನೆರವು ಅತ್ಯಗತ್ಯ.

ಮೊದಲ ಕ್ರಮವು ಅಗೆಯುವ ಮುನ್ನವೇ ಆರಂಭವಾಗಬೇಕು. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿರಿಸಿ ಭೂಮಿಯ ಪುನಶ್ಚೇತನಕ್ಕೆ ಬಳಸಬೇಕೆಂದು 1988ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ವಿಧಿಸಿದ್ದವು. 2017ರ ನಿಯಮಗಳಲ್ಲಿಯೂ ಅದು ಮುಂದುವರಿದಿದೆ. ಇವು ಪ್ರಧಾನ ಖನಿಜಗಳಿಗೆ ಅನ್ವಯಿಸುವಂಥವು. ಖಡಿ, ಗರಸಿನಂತಹ ಉಪಖನಿಜಗಳಿಗೆ ರಾಜ್ಯದ 1994ರ ನಿಯಮಗಳು ಪ್ರತ್ಯೇಕವಾಗಿದ್ದರೂ, ಮಣ್ಣು ಉಳಿಸುವ ವಿಧಾನ ಎರಡಕ್ಕೂ ಒಂದೇ. ಎತ್ತರವಾಗಿ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗೆ ಗಾಳಿಯಾಡದೆ ಸೂಕ್ಷ್ಮಜೀವಿಗಳು ಕ್ಷೀಣಿಸುತ್ತವೆ. ರಾಶಿ ತಗ್ಗಾಗಿರಬೇಕು, ಅದರ ಮೇಲೆ ಹುರುಳಿ, ಸೆಣಬು ಮುಂತಾದ ದ್ವಿದಳ ಬೆಳೆ ಬಿತ್ತಬೇಕು.

ಮೇಲ್ಮಣ್ಣು ಈಗಾಗಲೇ ಕೈತಪ್ಪಿದ್ದಲ್ಲಿ ಸಾವಯವ ಪದಾರ್ಥ ಸೇರಿಸುವುದು ಮುಂದಿನ ಕ್ರಮ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ಮಹಾರಾಷ್ಟ್ರದ ಗುಮಗಾಂವ್ ಮ್ಯಾಂಗನೀಸ್ ಗಣಿಯ ತ್ಯಾಜ್ಯ ದಿಬ್ಬಗಳಲ್ಲಿ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಬಳಸಿ, ಸಸಿಗಳಿಗೆ ರೈಜೋಬಿಯಂ, ಅಜಟೋಬ್ಯಾಕ್ಟರ್ ಹಾಗೂ ಮೈಕೊರೈಜಾ ನೀಡಿ ಹಸಿರು ಬೆಳೆಸಿದೆ. ಆಳಂದ ತಾಲ್ಲೂಕಿನ ಭೂಸನೂರ ಹಾಗೂ ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳಿರುವುದರಿಂದ ಈ ಕಚ್ಚಾ ಪದಾರ್ಥವು ಸಮೀಪದಲ್ಲಿಯೇ ಇದೆ. ಆದರೆ ಹಸಿ ಪ್ರೆಸ್‌ಮಡ್ ಕಾವೇರುವುದರಿಂದ ಅದನ್ನು ಚೆನ್ನಾಗಿ ಕಳಿಸಿದ ನಂತರವೇ ಹೊಲಕ್ಕೆ ಹಾಕಬೇಕು. ಕಳಿಸುವುದು, ಜರಡಿ ಹಿಡಿಯುವುದು, ಚೀಲ ತುಂಬುವುದು ಸಣ್ಣ ಉದ್ದಿಮೆಗೆ ಒಗ್ಗುವ ಕೆಲಸಗಳು.

ಜೈವಿಕ ಗೊಬ್ಬರದ ವ್ಯಾಪಾರಸ್ಥರು ಗಮನಿಸಬೇಕಾದ ಅಂಶವೂ ಇದೆ. 2006ರಿಂದ ಈ ಸರಕು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಒಳಪಟ್ಟಿದೆ. ಪುಡಿ ರೂಪದ ರೈಜೋಬಿಯಂ ಆದರೆ ಪ್ರತಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವ ರೂಪದಲ್ಲಿ ಪ್ರತಿ ಮಿಲಿಲೀಟರಿಗೆ 10 ಕೋಟಿ ಸಜೀವ ಕೋಶಗಳಿರಬೇಕು. ಇದು ಜೀವಂತ ಸರಕು. ಬೇಸಿಗೆಯಲ್ಲಿ ತಗಡಿನ ಗೋದಾಮಿನಲ್ಲಿಟ್ಟರೆ ಚೀಟಿಯ ಮೇಲಿನ ಅವಧಿ ಮುಗಿಯುವ ಮುನ್ನವೇ ಸತ್ತುಹೋಗುತ್ತದೆ. ಆದ್ದರಿಂದ ತಯಾರಿಕೆ ದಿನಾಂಕ, ಯಾವ ಬೆಳೆಗೆ ಎಂಬ ವಿವರ ಹಾಗೂ ತಂಪಾದ ದಾಸ್ತಾನು, ಈ ಮೂರನ್ನೂ ಖಾತರಿಪಡಿಸಿಕೊಂಡೇ ಖರೀದಿಸುವುದು ಲೇಸು.

ಕೆಟ್ಟ ಭೂಮಿಯು ಒಂದೇ ಹಂಗಾಮಿನಲ್ಲಿ ಸುಧಾರಿಸದು. ದ್ವಿದಳ ಬೆಳೆ, ಗೊಬ್ಬರ ಹಾಗೂ ಸೂಕ್ಷ್ಮಜೀವಿಗಳ ಲೇಪನ ಹಲವು ವರ್ಷ ಮುಂದುವರಿಯಬೇಕು. ಮೇಲ್ಮಣ್ಣು ಕಾಯ್ದುಕೊಳ್ಳುವ ಖರ್ಚು ಅದನ್ನು ಮತ್ತೆ ಕಟ್ಟುವ ಖರ್ಚಿಗಿಂತ ಬಹಳ ಕಡಿಮೆ ಎಂಬುದನ್ನು ಗಣಿ ಗುತ್ತಿಗೆದಾರರು ಆರಂಭದ ಲೆಕ್ಕದಲ್ಲಿಯೇ ಸೇರಿಸಿಕೊಂಡರೆ, ಮುಂದೆ ದಾಲ್ ಮಿಲ್ಲುಗಳಿಗೆ ಬರುವ ತೊಗರಿಯೂ ಉಳಿಯುತ್ತದೆ.