ಪೀಣ್ಯದ ಅಂಗಳದಲ್ಲಿ ದುರ್ಯೋಧನ

ಸಂಜೆಯ ಕೊನೆಯ ಪೀರಿಯಡ್. ಪೀಣ್ಯದ ಸರ್ಕಾರಿ ಪ್ರೌಢಶಾಲೆಯೊಂದರ ಕಾಂಪೌಂಡಿನಾಚೆ ಲೇತ್ ಯಂತ್ರ ಕಿರ್ರೆನ್ನುತ್ತಿದೆ. ಗಾಳಿಯಲ್ಲಿ ಕಟಿಂಗ್ ಆಯಿಲ್‌ನ ವಾಸನೆ. ಅಂಗಳದಲ್ಲಿ ಹತ್ತನೇ ತರಗತಿಯ ಮಕ್ಕಳು ಹೆಣಗಳಾಗಿ ಮಲಗಿದ್ದಾರೆ. ಇವನು ದ್ರೋಣ, ಅವನು ದುಶ್ಶಾಸನ, ಬೇವಿನ ಬುಡದಲ್ಲಿ ಬಿದ್ದವನು ಕರ್ಣ. ನಡುವೆ ದುರ್ಯೋಧನ, ಜೊತೆಗೆ ಸಂಜಯ. ಪೈಪಿನ ತುದಿಗೆ ಪ್ಯಾಕಿಂಗ್ ರಟ್ಟು ಸುತ್ತಿದ್ದೇ ಗದೆ.

ಆಡುತ್ತಿರುವುದು ಬಿ.ಎಂ.ಶ್ರೀ. ಅವರ 'ಗದಾಯುದ್ಧ ನಾಟಕಂ'. ಹತ್ತನೇ ಶತಮಾನದ ರನ್ನನ ಕಾವ್ಯವನ್ನು 1926ರಲ್ಲಿ ಅವರು ಗ್ರೀಕ್ ದುರಂತ ನಾಟಕದ ಅಚ್ಚಿಗೆ ಹೊಯ್ದರು. ಹಳಗನ್ನಡವೆಂದರೆ ಮಕ್ಕಳಿಗೆ ಭಯ. ಪದ್ಯ ಬಿಡಿಸಿ, ಸಾರಾಂಶ ಬರೆಸಿ, ಅಂಕ ಕೊಟ್ಟರೆ ಆ ಭಯ ಹೋಗದು.

"ಪುಸ್ತಕ ಮುಚ್ಚಿಡಪ್ಪ. ಬಿದ್ದಿರೋನು ನಿನ್ನ ತಮ್ಮ. ಈಗ ನಡಿ," ಎನ್ನುತ್ತಾರೆ ಕನ್ನಡದ ಮಿಸ್.

"ಅಂವಾ ಅಳಂಗಿಲ್ಲೇನ್ರಿ ಮಿಸ್?"

"ನೀನೇ ನಡೆದು ತೋರಿಸು."

ಹುಡುಗ ಬಗ್ಗಿ ದುಶ್ಶಾಸನನ ಮುಖ ನೋಡುತ್ತಾನೆ. ಗದೆ ನೆಲಕ್ಕೆ ಊರುತ್ತದೆ. ಆಮೇಲೆ ಬಾಯಿಂದ ಬಂದ ಸಾಲಿನಲ್ಲಿ ಒಂದು ಒತ್ತಕ್ಷರವೂ ತಪ್ಪುವುದಿಲ್ಲ. ಮಲಗಿದ್ದ 'ಹೆಣ'ಗಳು ಕಣ್ಣು ಬಿಟ್ಟು ನೋಡುತ್ತವೆ.

ಅವನ ಅಪ್ಪ ಬಾಗಲಕೋಟೆ ಕಡೆಯಿಂದ ಬಂದವರು, ಮಷಿನ್ ಶಾಪಿನಲ್ಲಿ ಕೆಲಸ; ಅವ್ವ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ರನ್ನನೂ ಆ ಸೀಮೆಯವನೇ: ಮುಧೋಳದ ಬಳೆಗಾರರ ಮನೆಯ ಮಗ. ಬಳೆ ಮಾರುವವರ ಮನೆಯಿಂದ ಹೊರಟು ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡವನ ಮಾತು ದುಡಿಯುವವರ ಮಕ್ಕಳಿಗೆ ಪರಕೀಯವಲ್ಲ.

ಈ ಸೀಮೆಗೂ ನಾಟಕ ಹೊಸದಲ್ಲ. ಶಾಲೆಯ ಮುಂದಿನ ತುಮಕೂರು ರಸ್ತೆ ಹಿಡಿದು ಹೋದರೆ ಗುಬ್ಬಿ ವೀರಣ್ಣನವರ ಊರು. ಆ ದಾರಿಯ ಹಳ್ಳಿಗಳಲ್ಲಿ ಇಂದಿಗೂ ಜನ ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ, ಹಾರ್ಮೋನಿಯಂ ಮೇಷ್ಟ್ರ ಎದುರು ಕೂತು ಕಂದಪದ್ಯ ಕಲಿಯುತ್ತಾರೆ, ರಾತ್ರಿಯಿಡೀ 'ಕುರುಕ್ಷೇತ್ರ' ಆಡುತ್ತಾರೆ. ಹಗಲು ಫ್ಯಾಕ್ಟರಿಯಲ್ಲಿ ದುಡಿದವರೂ ಅವರಲ್ಲಿದ್ದಾರೆ. ಅಂಥ ಮನೆಗಳ ಮಕ್ಕಳಿಗೆ ದುರ್ಯೋಧನನನ್ನು ಐದು ಅಂಕದ ಪ್ರಶ್ನೆಯಾಗಿ ಮಾತ್ರ ಪರಿಚಯಿಸುವುದು ಅನ್ಯಾಯ.

ಅಭಿಜಾತ ನಾಟಕ ಮೊದಲು ನಾಲಿಗೆಗೆ, ಕಾಲಿಗೆ ಬರಬೇಕು. ಅರ್ಥ ತಾನಾಗಿ ಹಿಂಬಾಲಿಸುತ್ತದೆ. ಇದಕ್ಕೆ ರಂಗಮಂದಿರ ಬೇಡ, ದುಬಾರಿ ಪೋಷಾಕು ಬೇಡ. ಮುಖ್ಯೋಪಾಧ್ಯಾಯರೇ, ವಾರಕ್ಕೊಂದು ಪೀರಿಯಡನ್ನು ಅಂಗಳಕ್ಕೆ ಬಿಟ್ಟುಕೊಡಿ. ಈ ಸಲದ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡಿನ ಒಂದು ಡ್ಯಾನ್ಸ್ ಕಡಿಮೆ ಮಾಡಿ, ರನ್ನನ ಒಂದು ದೃಶ್ಯಕ್ಕೆ ಜಾಗ ಕೊಡಿ. ಪೋಷಕರೇ, ಆ ದಿನ ಶಿಫ್ಟ್ ಬದಲಿಸಿಕೊಂಡಾದರೂ ಬಂದು ನೋಡಿ.