ನಿಮ್ಮ ಸಪೋಟ ಯಾವ ತಳಿ? ಎಲೆ, ಕಾಯಿ ನೋಡಿ ತಿಳಿಯಿರಿ

ಸಪೋಟ ಗಿಡವೆಂದು ತಂದು ನೆಟ್ಟು, ವರ್ಷಗಟ್ಟಲೆ ನೀರು ಗೊಬ್ಬರ ಕೊಟ್ಟು ಸಾಕಿದ ಮೇಲೆ ಅದು ಬೇವಿನ ಹಣ್ಣಿನಂಥ ಸಣ್ಣ ಹಳದಿ ಹಣ್ಣು ಬಿಟ್ಟರೆ? ಇದು ಮಣ್ಣಿನ ದೋಷವಲ್ಲ, ಗೊಬ್ಬರದ ದೋಷವೂ ಅಲ್ಲ. ಕಸಿಯ ಕೊಂಬೆ ಸತ್ತು ಬುಡದ ಗಿಡ ಮೇಲೆದ್ದಿದೆ, ಅಷ್ಟೇ.

ಸಪೋಟವನ್ನು ಸಾಮಾನ್ಯವಾಗಿ ಖಿರ್ನಿ ಗಿಡದ ಮೇಲೆ ಕಸಿ ಕಟ್ಟುತ್ತಾರೆ. ಎರಡೂ ಒಂದೇ ಕುಟುಂಬದವು. ಎರಡರಲ್ಲೂ ಬಿಳಿ ಹಾಲು ಬರುತ್ತದೆ. ಆದ್ದರಿಂದ ಹಾಲು ನೋಡಿ ಮೋಸ ಹೋಗಬೇಡಿ, ಎಲೆ ನೋಡಿ.

ಎಲೆಯ ಗುರುತು: ಸಪೋಟದ ಎಲೆ ನಡುವೆ ಅಗಲವಾಗಿದ್ದು ಎರಡೂ ತುದಿಗೆ ಸಣ್ಣಗಾಗುತ್ತದೆ. ಖಿರ್ನಿಯ ಎಲೆ ತುದಿಯ ಕಡೆಗೇ ಅಗಲ. ತುದಿ ದುಂಡಗಿದ್ದು, ನಡುವೆ ಚಿಕ್ಕ ಕಚ್ಚು ಇರುತ್ತದೆ. ಸಸಿ ಕೊಳ್ಳುವಾಗ ಕಸಿಯ ಗಂಟು ಹುಡುಕಿ. ಗಂಟಿನ ಮೇಲೆ ಸಪೋಟದ ಎಲೆಯೇ ಇರಬೇಕು. ಗಂಟಿನ ಕೆಳಗೆ ಬಂದ ಚಿಗುರನ್ನು ನೆಟ್ಟ ಮೇಲೂ ಆಗಾಗ ಚಿವುಟಿ ಹಾಕಿ. ಬಿಟ್ಟರೆ ಅದೇ ಬಲಿತು ಕಸಿಯನ್ನು ಸೊರಗಿಸುತ್ತದೆ.

ತಳಿಯ ಗುರುತು: ಕಾಲಿಪತ್ತಿಯ ಎಲೆ ಅಗಲ, ದಪ್ಪ, ಕಡು ಹಸಿರು. ಕಾಯಿ ಮೊಟ್ಟೆಯಾಕಾರ, ಬೀಜ ಕಡಿಮೆ, ತಿರುಳು ಮೃದು, ಬಲು ಸಿಹಿ. ಕ್ರಿಕೆಟ್ ಬಾಲ್‌ನ ಎಲೆ ತಿಳಿ ಹಸಿರು. ಕಾಯಿ ದಪ್ಪ, ಚೆಂಡಿನಂತೆ ದುಂಡಗೆ. ತಿರುಳು ಮರಳು ಮರಳು, ಸಿಹಿ ಸಾಧಾರಣ. ಇವೆರಡರ ಸಂಕರದಿಂದ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಎಚ್.ಎಸ್.-1 ಮತ್ತು ಡಿ.ಎಚ್.ಎಸ್.-2 ತಳಿಗಳು ಬಂದಿವೆ. ಇಂಥ ಸಂಕರ ತಳಿಯನ್ನು ಬರೀ ಎಲೆಯಿಂದ ಗುರುತಿಸಲು ಹೋಗಬೇಡಿ. ನಂಬಿಕೆಯ ಸಸ್ಯಕ್ಷೇತ್ರದಿಂದ ಚೀಟಿ, ರಸೀದಿ ಸಹಿತ ತನ್ನಿ.

ಒಂದೇ ಕಾಯಿ ನೋಡಿ ತೀರ್ಮಾನಿಸಬೇಡಿ. ಕಾಲಿಪತ್ತಿಯ ಒಂದೇ ಮರದಲ್ಲಿ ದುಂಡನೆಯ ಕಾಯಿಯೂ ಸಿಕ್ಕೀತು. ಮರದ ನಾಲ್ಕು ದಿಕ್ಕಿನಿಂದ ಬಲಿತ ಕಾಯಿ ಕಿತ್ತು ನೋಡಿ. ಬಲಿತ ಕಾಯಿಯ ಮೇಲಿನ ಕಂದು ಹೊಟ್ಟು ಉದುರುತ್ತದೆ. ಉಗುರಿನಿಂದ ಗೀರಿದರೆ ಒಳಗೆ ಹಸಿರು ಕಾಣದೆ ಹಳದಿ ಕಾಣುತ್ತದೆ, ಹಾಲೂ ಕಡಿಮೆ.

ಖಿರ್ನಿಯೇ ಮೇಲೆದ್ದಿದ್ದರೆ ಎಳೆಯ ಗಿಡವನ್ನು ಕಿತ್ತೆಸೆಯಬೇಡಿ. ಬೇರು ಗಟ್ಟಿಯಾಗಿರುತ್ತದೆ. ಕೈ ಪಳಗಿದವರಿಂದ ಅದರ ಚಿಗುರಿಗೆ ಒಳ್ಳೆಯ ಸಪೋಟದ ಕುಡಿಯನ್ನು ಮತ್ತೆ ಕಸಿ ಕಟ್ಟಿಸಬಹುದು. ಸಂದೇಹವಿದ್ದರೆ ಎಲೆಯಿರುವ ರೆಂಬೆಯನ್ನೂ ಎರಡು ಕಾಯಿಯನ್ನೂ ಹತ್ತಿರದ ತೋಟಗಾರಿಕೆ ಕಚೇರಿಗೆ ಒಯ್ದು ತೋರಿಸಿ. ಈ ವಾರವೇ ತೋಟಕ್ಕೆ ಹೋಗಿ, ಪ್ರತಿ ಗಿಡದ ಬುಡ ನೋಡಿ ಬನ್ನಿ.