ಹಳೆಯ ರೇಡಿಯೋಗೆ ಹೊಸ ಕಂಡೆನ್ಸರ್

ಅಟ್ಟದಿಂದ ಇಳಿಸಿದ ವಾಲ್ವ್ ರೇಡಿಯೋ ಹಾಡುತ್ತದೆ, ಆದರೆ ದನಿ ಒಡಕು. ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ. ಹೀಗಾದರೆ ತಕ್ಷಣ ಸ್ವಿಚ್ ಆರಿಸಿ. ಹೊಸ ವಾಲ್ವ್ ಹುಡುಕಲು ಆತುರ ಬೇಡ. ಬಹಳ ಸಲ ತಪ್ಪಿರುವುದು ಚಿಕ್ಕದೊಂದು ಕಪ್ಲಿಂಗ್ ಕೆಪಾಸಿಟರಿನಲ್ಲಿ. ರಿಪೇರಿಯವರ ಮಾತಿನಲ್ಲಿ ಕಂಡೆನ್ಸರ್.

ಮೊದಲ ವಾಲ್ವಿನಿಂದ ಬರುವ ಹಾಡಿನ ಸಂಕೇತವನ್ನು ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಬಿಟ್ಟು, ಅದರೊಡನೆ ಬರುವ ಡಿ.ಸಿ. ವೋಲ್ಟೇಜನ್ನು ತಡೆಯುವುದು ಇದರ ಕೆಲಸ. ಮೇಣದ ಕಾಗದದ ಹಳೆಯ ಕಂಡೆನ್ಸರುಗಳು ತೇವ ಹೀರಿ ಸೋರತೊಡಗುತ್ತವೆ. ಸೋರಿಕೆ ಬರೀ 10 ಮೈಕ್ರೋ ಆಂಪಿಯರ್ ಎನ್ನಿ. 470 ಕಿಲೋ ಓಮ್‌ನ ಗ್ರಿಡ್ ರೆಸಿಸ್ಟರಿನಲ್ಲಿ ಅದು 4.7 ವೋಲ್ಟ್ ಆಗುತ್ತದೆ. ಇಎಲ್ 84 ವಾಲ್ವಿನ ಗ್ರಿಡ್, ಕ್ಯಾಥೋಡಿಗಿಂತ ಸುಮಾರು 7 ವೋಲ್ಟ್ ಕೆಳಗಿರಬೇಕು. ಸೋರಿಕೆ ಅದನ್ನು ಮೇಲೆತ್ತಿದರೆ ವಾಲ್ವ್ ಮಿತಿಮೀರಿ ಕರೆಂಟು ಎಳೆದು, ತಾನೂ ಕಾದು ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಕಂಡೆನ್ಸರಿಗೆ ಕೆಲವೇ ರೂಪಾಯಿ. ಆ ಟ್ರಾನ್ಸ್‌ಫಾರ್ಮರ್ ಸಿಗುವುದೇ ಕಷ್ಟ.

ಮಲ್ಟಿಮೀಟರಿನ ಕೆಪಾಸಿಟಿ ಅಳತೆಯನ್ನು ಇಲ್ಲಿ ನಂಬಬೇಡಿ. ಅದು ಅಳೆಯುವುದು ತೀರ ಕಡಿಮೆ ವೋಲ್ಟಿನಲ್ಲಿ. ಸೋರುವ ಕಂಡೆನ್ಸರೂ ಸರಿಯಾಗಿದೆ ಎಂದೇ ತೋರೀತು.

ಅಂಗಡಿಯಲ್ಲಿ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಫಿಲ್ಮಿನದೇ ಕೇಳಿ. ಸೆರಾಮಿಕ್ ಬೇಡ, ಅವುಗಳಲ್ಲಿ ಹಲವದರ ಬೆಲೆ ವೋಲ್ಟಿನೊಡನೆ ಬದಲಾಗುತ್ತದೆ. ಹಳೆಯದು 0.01 ಮೈಕ್ರೋ ಫ್ಯಾರಡ್ ಆಗಿದ್ದರೆ ಹೊಸದೂ ಅಷ್ಟೇ ಇರಲಿ. ಮೈಮೇಲೆ 103 ಎಂದಿರುತ್ತದೆ, ಅಂದರೆ 10ರ ಮುಂದೆ ಮೂರು ಸೊನ್ನೆ ಪಿಕೋ ಫ್ಯಾರಡ್. ಹೆಚ್ಚಿನದು ಹಾಕಿದರೆ ಬಾಸ್ ಬರುತ್ತದೆಂಬ ಆಸೆ ಸಹಜ. ಆದರೆ 470 ಕಿಲೋ ಓಮ್ ಜೊತೆ ಇದು ಈಗಾಗಲೇ ಸುಮಾರು 34 ಹರ್ಟ್ಸ್‌ವರೆಗೆ ಇಳಿಯುತ್ತದೆ. ಮೇಜಿನ ರೇಡಿಯೋದ ಸ್ಪೀಕರಿಗೆ ಅಷ್ಟು ಕೆಳಗಿನ ದನಿ ಎಲ್ಲಿ ದಕ್ಕೀತು? ವೋಲ್ಟ್ ಮಾತ್ರ ಧಾರಾಳವಾಗಿರಲಿ. 400 ಸಾಕು, 630 ಸಿಕ್ಕರೆ ಇನ್ನೂ ನಿಶ್ಚಿಂತೆ. ಕಿವಿಗೆ ಜೇನೆಂದು ಮಾರುವ ದುಬಾರಿ ಬ್ರಾಂಡುಗಳಿಗೆ ಇಲ್ಲಿ ಹಣ ಸುರಿಯುವುದು, ನನ್ನ ಮಟ್ಟಿಗೆ, ದಂಡ.

ಬಿಚ್ಚುವ ಮುನ್ನ ಎಚ್ಚರ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರುಗಳಲ್ಲಿ 250 ವೋಲ್ಟ್ ಉಳಿದಿರಬಹುದು. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ ಎ.ಸಿ.-ಡಿ.ಸಿ. ಸೆಟ್ಟಾದರೆ ಲೋಹದ ಷಾಸಿಗೇ ಮೇನ್ಸಿನ ಒಂದು ತಂತಿ ಸೇರಿರುತ್ತದೆ. ಅದನ್ನು ನುರಿತವರಿಗೇ ಬಿಡಿ. ಅವರು ಹೊಸ ಕಂಡೆನ್ಸರಿನ ಒಂದು ಕಾಲನ್ನು ಮಾತ್ರ ಬೆಸೆದು, ಗ್ರಿಡ್ ಕಡೆಯ ಕಾಲಿನಲ್ಲಿ ಡಿ.ಸಿ. ಅಳೆಯಲಿ. ಮುಳ್ಳು ಸೊನ್ನೆಯ ಹತ್ತಿರ ನಿಂತರೆ ಇನ್ನೊಂದು ಕಾಲನ್ನೂ ಬೆಸೆಯಬಹುದು.